300 ಡಿಪಿಐ ಕೇಳಿದರೆ ಏನು ಕೊಡಬೇಕು? ಸ್ಮರಣ ಸಂಚಿಕೆಯ ಫೋಟೊ, ಪುಟದ ಅಳತೆ ಮತ್ತು ಪಿಡಿಎಫ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕಿನವನು. ನಮ್ಮೂರ ಶಾಲೆಗೆ ನೂರು ವರ್ಷ ತುಂಬಿತು ಅಂತ ಎ4 ಅಳತೆಯ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಹಳೆ ವಿದ್ಯಾರ್ಥಿಗಳು ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಪ್ರೆಸ್‌ನವರು ನೋಡಿ "ಎಲ್ಲಾ 72 ಡಿಪಿಐ ಇವೆ, 300 ಮಾಡಿ ಕೊಡಿ" ಎಂದರು. ಇಂಟರ್ನೆಟ್‌ನಲ್ಲಿ ಸಿಕ್ಕ ಒಂದು ಕನ್ವರ್ಟರ್‌ಗೆ ಹಾಕಿದೆ. 1600 × 1200 ಇದ್ದ ಫೋಟೊ 6667 × 5000 ಆಯಿತು, 200 ಕೆಬಿ ಇದ್ದ ಫೈಲ್ 6 ಎಂಬಿ ಆಯಿತು. ಮಸುಕು ಮಾತ್ರ ಹಾಗೇ ಇದೆ. ಮೊಮ್ಮಗಳು ಫೋನಿನ ಆಪ್‌ನಲ್ಲಿ 794 × 1123 ಅಳತೆಗೆ ಮಾಡಿಕೊಟ್ಟ ಮುಖಪುಟ ಪ್ರೆಸ್‌ನ ಕಂಪ್ಯೂಟರಿನಲ್ಲಿ ಅಂಗೈಯಷ್ಟು ಚಿಕ್ಕದಾಗಿ ತೆರೆದುಕೊಂಡಿತು. ಒಳಪುಟಗಳನ್ನು ವರ್ಡ್‌ನಲ್ಲಿ ಮಾಡಿದ್ದೇವೆ. ಸಮಾರಂಭಕ್ಕೆ 20 ಅಡಿ ಉದ್ದದ ಬ್ಯಾನರ್ ಕೂಡ ಆಗಬೇಕು. ಏನು ಮಾಡಬೇಕು ತಿಳಿಸಿ.

ಉತ್ತರ: ಮೇಷ್ಟ್ರೇ, ಮೊದಲು ಆ 6667 × 5000 ಫೈಲುಗಳನ್ನೆಲ್ಲ ಅಳಿಸಿಬಿಡಿ. ಮೂಲ 1600 × 1200 ಇದೆಯಲ್ಲ, ಅದನ್ನೇ ಬಳಸಿ. ಪ್ರೆಸ್‌ನವರು ತಪ್ಪು ಹೇಳಿದರು ಅಂತಲ್ಲ, ಅವರು ಅವಸರದಲ್ಲಿ ಅರ್ಧ ಮಾತು ಹೇಳಿದರು. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. "300 ಡಿಪಿಐ ಬೇಕು" ಅನ್ನುವುದು ಪೂರ್ತಿ ವಾಕ್ಯವೇ ಅಲ್ಲ. "ಕಾಗದದ ಮೇಲೆ ಎಷ್ಟು ಇಂಚು ಅಗಲಕ್ಕೆ ಬರುತ್ತದೋ ಆ ಅಗಲದಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು" ಅಂತ ಅವರು ಹೇಳಬೇಕಿತ್ತು. ಇಂಚಿನ ಮಾತು ಬಿಟ್ಟುಹೋದ ಕೂಡಲೇ ಉಳಿದ 300ಕ್ಕೆ ಅರ್ಥವಿಲ್ಲ.

ಡಿಜಿಟಲ್ ಫೋಟೊಗೆ ಸ್ವಂತ ಇಂಚು ಅಂತ ಏನೂ ಇಲ್ಲ. ಅದರಲ್ಲಿ ಇರುವುದು ಪಿಕ್ಸೆಲ್ ಮಾತ್ರ: ಅಡ್ಡಕ್ಕೆ 1600, ಉದ್ದಕ್ಕೆ 1200, ಒಟ್ಟು 19 ಲಕ್ಷ 20 ಸಾವಿರ ಚುಕ್ಕಿ. ಇದನ್ನು ನೀವು ಅಂಚೆಚೀಟಿಯಷ್ಟು ಅಗಲಕ್ಕೂ ಹಾಕಬಹುದು, ಗೋಡೆಯಷ್ಟು ಅಗಲಕ್ಕೂ ಹಾಕಬಹುದು. 1600 ಪಿಕ್ಸೆಲ್ಲನ್ನು 5.33 ಇಂಚಿಗೆ ಹರಡಿದರೆ ಇಂಚಿಗೆ 300. ಅದೇ ಫೋಟೊವನ್ನು 22 ಇಂಚಿಗೆ ಹರಡಿದರೆ ಇಂಚಿಗೆ 72. ಫೋಟೊ ಒಂದೇ, ಫೈಲ್ ಒಂದೇ. ಹಾಗಾಗಿ ನಿಮ್ಮ ವಾಟ್ಸಾಪ್ ಫೋಟೊ ಇವತ್ತೇ, ಏನೂ ಮಾಡದೆ, 5.33 ಇಂಚು ಅಗಲಕ್ಕೆ 300 ಡಿಪಿಐ ಫೋಟೊ. ಅಂದರೆ 135 ಎಂಎಂ. ಎ4 ಪುಟದ ಅರ್ಧಕ್ಕಿಂತ ಜಾಸ್ತಿ ಅಗಲ ಆಯಿತಲ್ವಾ?

ಮತ್ತೆ ಆ 72 ಎಲ್ಲಿಂದ ಬಂತು? ಜೆಪೆಗ್ ಫೈಲಿನ ತಲೆಯಲ್ಲಿ "ಇದನ್ನು ಇಂಚಿಗೆ ಇಷ್ಟರಂತೆ ತೆರೆಯಿರಿ" ಅಂತ ಬರೆದಿಡಲು ಒಂದು ಚಿಕ್ಕ ಜಾಗ ಇರುತ್ತದೆ. ಅದು ಬರೀ ಚೀಟಿ. ಚೀಟಿಯಲ್ಲಿ ಏನು ಬರೆದರೂ ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಚೀಟಿ ಖಾಲಿ ಇದ್ದರೆ ತೆರೆಯುವ ಸಾಫ್ಟ್‌ವೇರ್ ತನಗೆ ತೋಚಿದ ನಂಬರ್ ಹಾಕಿಕೊಳ್ಳುತ್ತದೆ. ಫೋಟೊಶಾಪ್ ಆದರೆ 72 ಅನ್ನುತ್ತದೆ. ಅದೇ ಫೈಲನ್ನು ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ 96 ಅಂತ ಇರುತ್ತದೆ. ನೀವೇ ಒಮ್ಮೆ ನೋಡಿ, ಆ ನಂಬರಿಗೆ ಎಷ್ಟು ಬೆಲೆ ಕೊಡಬೇಕು ಅಂತ ಗೊತ್ತಾಗುತ್ತದೆ.

72ಕ್ಕೂ 96ಕ್ಕೂ ಒಂದು ಇತಿಹಾಸ ಇದೆ, ಅದನ್ನು ಹೇಳಲೇಬೇಕು, ಯಾಕೆಂದರೆ ಮುಖಪುಟ ಚಿಕ್ಕದಾದ ಕಾರಣವೂ ಅಲ್ಲೇ ಇದೆ. ಅಚ್ಚಿನ ಕೆಲಸದಲ್ಲಿ ಅಕ್ಷರದ ಅಳತೆ ಪಾಯಿಂಟ್. ಕಂಪ್ಯೂಟರ್ ಕಾಲದಲ್ಲಿ ಅದು ಇಂಚಿಗೆ ಸರಿಯಾಗಿ 72 ಅಂತ ನಿಂತಿತು. 1984ರ ಆಪಲ್ ಮ್ಯಾಕಿಂಟಾಶ್ ತನ್ನ ಪರದೆಯನ್ನೂ ಇಂಚಿಗೆ 72 ಪಿಕ್ಸೆಲ್ ಇಟ್ಟಿತು. ಪರದೆಯ ಮೇಲಿನ 12 ಪಾಯಿಂಟ್ ಅಕ್ಷರ ಕಾಗದದ ಮೇಲೂ ಅಷ್ಟೇ ದೊಡ್ಡದಾಗಿ ಬರಲಿ ಅಂತ. ವಿಂಡೋಸ್ 96 ಇಟ್ಟುಕೊಂಡಿತು. ಮುಂದೆ ವೆಬ್‌ಪುಟಗಳ ನಿಯಮದಲ್ಲೂ ಒಂದು ಪಿಕ್ಸೆಲ್ ಅಂದರೆ ಇಂಚಿನ 96ನೇ ಒಂದು ಭಾಗ ಅಂತ ಆಯಿತು. ಪಿಡಿಎಫ್ ಮಾತ್ರ ಇವತ್ತಿಗೂ ಒಳಗಡೆ ಇಂಚಿಗೆ 72ರ ಲೆಕ್ಕದಲ್ಲೇ ಇದೆ. ಇಂಕ್‌ಸ್ಕೇಪ್ ಅಂತ ಒಂದು ಒಳ್ಳೆಯ ಉಚಿತ ಸಾಫ್ಟ್‌ವೇರ್ ಇದೆ, ಅದು 2017ರವರೆಗೆ 90ರ ಲೆಕ್ಕ ಇಟ್ಟುಕೊಂಡಿತ್ತು, ಆಮೇಲೆ 96ಕ್ಕೆ ಬಂತು. ಅದರಲ್ಲಿ ಮಾಡಿದ ಹಳೇ ಲೋಗೊ ಹೊಸದರಲ್ಲಿ ತೆರೆದರೆ ಸ್ವಲ್ಪ ಕುಗ್ಗಿದಂತೆ ಬಂದರೆ ಗಾಬರಿಯಾಗಬೇಡಿ.

ಈಗ ನಿಮ್ಮ ಮೊಮ್ಮಗಳ ಮುಖಪುಟ. 794 × 1123 ಅನ್ನುವುದು ಎ4 ಕಾಗದವೇ, 210 × 297 ಎಂಎಂ, ಆದರೆ ಇಂಚಿಗೆ 96ರ ಲೆಕ್ಕದಲ್ಲಿ. ಆಪ್‌ಗೆ ಅದು ಸರಿಯಾದ ಎ4. ಪ್ರೆಸ್‌ನವರು ತಮ್ಮಲ್ಲಿ ಇಂಚಿಗೆ 300ರ ಪುಟ ತೆರೆದು ಅದರೊಳಗೆ ಈ ಚಿತ್ರ ಅಂಟಿಸಿದ್ದಾರೆ. 794ನ್ನು 300ರಿಂದ ಭಾಗಿಸಿದರೆ 2.65 ಇಂಚು, 1123ನ್ನು ಭಾಗಿಸಿದರೆ 3.74 ಇಂಚು. ನಿಮ್ಮ ಅಂಗೈ ಅಳತೆ ಬಂತು ನೋಡಿ. ಅದನ್ನೇ 72ರ ಲೆಕ್ಕದಲ್ಲಿ ತೆರೆದಿದ್ದರೆ 11 × 15.6 ಇಂಚು ಆಗಿ "ಇದು ಎ3ಗೆ ಹತ್ತಿರ ಇದೆಯಲ್ಲ" ಅಂತ ಬೇರೆ ತಕರಾರು ಬರುತ್ತಿತ್ತು. ಯಾರದೂ ತಪ್ಪಿಲ್ಲ, ಪಿಕ್ಸೆಲ್ಲನ್ನು ಉದ್ದದ ಅಳತೆ ಅಂತ ತಿಳಿದಾಗ ಆಗುವುದೇ ಹೀಗೆ. ಹೇಗೇ ಆಗಲಿ, ಆ ಚಿತ್ರವನ್ನು ಎಳೆದು ಎ4 ಮಾಡಿದರೆ ಇಂಚಿಗೆ 96 ಪಿಕ್ಸೆಲ್ ಮಾತ್ರ. ಮುಖಪುಟಕ್ಕೆ ಅದು ಸಾಲದು. ಅದನ್ನು ಹೊಸದಾಗಿಯೇ ಎಕ್ಸ್‌ಪೋರ್ಟ್ ಮಾಡಬೇಕು. ಆಪ್‌ನಲ್ಲಿ ಪುಟದ ಅಳತೆಯನ್ನು ಎಂಎಂನಲ್ಲಿ ಕೊಡಲು ಹೇಳಿ. ಪಿಎನ್‌ಜಿ ಅನ್ನುವ ಚಿತ್ರದ ಫೈಲ್ ಇಳಿಸಿಕೊಳ್ಳುವ ಬದಲು ಪ್ರಿಂಟ್‌ಗಾಗಿ ಅಂತ ಇರುವ ಪಿಡಿಎಫ್ ಇಳಿಸಿಕೊಳ್ಳಲಿ. ಆಗ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ, ಚಿತ್ರಗಳೂ ಹಾಕುವಾಗ ಎಷ್ಟು ಪಿಕ್ಸೆಲ್ ಇದ್ದವೋ ಹೆಚ್ಚುಕಡಿಮೆ ಅಷ್ಟೇ ಹೋಗುತ್ತವೆ. ಪಿಎನ್‌ಜಿಯೇ ಬೇಕು ಅಂತ ಯಾರಾದರೂ ಹಟ ಹಿಡಿದರೆ 2480 × 3508ಕ್ಕೆ ಕಡಿಮೆ ಕೊಡಬೇಡಿ, ಅದು ಇಂಚಿಗೆ 300ರಂತೆ ಎ4. ಅಂದಹಾಗೆ ಪಿಎನ್‌ಜಿ ಚೀಟಿಯಲ್ಲಿ ಇಂಚಿನ ಲೆಕ್ಕವೇ ಇಲ್ಲ, ಮೀಟರಿಗೆ ಎಷ್ಟು ಅಂತ ಪೂರ್ಣ ಸಂಖ್ಯೆಯಲ್ಲಿ ಬರೆಯುತ್ತಾರೆ. 300 ಡಿಪಿಐ ಅಂದರೆ ಮೀಟರಿಗೆ 11811. ಅದಕ್ಕೇ ಕೆಲವು ಸಾಫ್ಟ್‌ವೇರ್‌ನಲ್ಲಿ 299.999 ಅಂತ ಕಾಣಿಸುತ್ತದೆ, ಅದನ್ನು ನೋಡಿ "300 ಇಲ್ಲ" ಅಂತ ವಾಪಸ್ ಕಳಿಸುವವರೂ ಇದ್ದಾರೆ!

ಕನ್ವರ್ಟರ್ ಏನು ಮಾಡಿತು ಅಂತಲೂ ನೋಡಿಬಿಡೋಣ. ಅದು 72ನ್ನು ನಂಬಿ, ಚಿತ್ರ 22.2 ಇಂಚು ಅಗಲ ಇದೆ ಅಂತ ತಿಳಿದು, 22.2 ಇಂಚಿಗೂ ಇಂಚಿಗೆ 300ರಂತೆ ಪಿಕ್ಸೆಲ್ ತುಂಬಿತು. 6667 × 5000 ಅಂದರೆ 3 ಕೋಟಿ 33 ಲಕ್ಷ ಪಿಕ್ಸೆಲ್. ಕ್ಯಾಮೆರಾದಿಂದ ಬಂದು ನಿಮ್ಮ ಕೈ ಸೇರಿದ್ದು 19 ಲಕ್ಷ. ಮಿಕ್ಕ 3 ಕೋಟಿ 14 ಲಕ್ಷವನ್ನು ಅದು ಅಕ್ಕಪಕ್ಕದ ಬಣ್ಣ ನೋಡಿ ಸರಾಸರಿ ಹಾಕಿ ತಾನೇ ಹುಟ್ಟಿಸಿತು. ದೋಸೆ ಹಿಟ್ಟಿಗೆ ನೀರು ಸುರಿದು ಪಾತ್ರೆ ತುಂಬಿಸಿದ ಹಾಗೆ. ಫೋಟೊಶಾಪ್‌ನಲ್ಲಿ ಇಮೇಜ್ ಸೈಜ್ ಕಿಟಕಿಯಲ್ಲಿ ರೀಸ್ಯಾಂಪಲ್ ಅಂತ ಒಂದು ಟಿಕ್ ಇರುತ್ತದೆ. ಟಿಕ್ ತೆಗೆದು 72 ಇದ್ದಲ್ಲಿ 300 ಬರೆದರೆ ಅಗಲ 22.2 ಇಂಚಿನಿಂದ 5.33 ಇಂಚಿಗೆ ಇಳಿಯುತ್ತದೆ, ಪಿಕ್ಸೆಲ್ ಹಾಗೇ ಇರುತ್ತವೆ. ಅದು ಬರೀ ಚೀಟಿ ತಿದ್ದುವ ಕೆಲಸ, ತೊಂದರೆ ಇಲ್ಲ. ಟಿಕ್ ಇಟ್ಟು ಬರೆದರೆ ಕನ್ವರ್ಟರ್ ಮಾಡಿದ್ದೇ ಆಗುತ್ತದೆ. ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುವವರಿಗೆ ಇವೆರಡಕ್ಕೂ ಬೇರೆ ಬೇರೆ ಮೆನು ಇದೆ, ಪ್ರಿಂಟ್ ಸೈಜ್ ಅನ್ನುವುದು ಚೀಟಿ, ಸ್ಕೇಲ್ ಇಮೇಜ್ ಅನ್ನುವುದು ಪಿಕ್ಸೆಲ್. ನನ್ನ ಕೇಳಿದರೆ ಗಿಂಪ್‌ನ ಈ ವ್ಯವಸ್ಥೆಯೇ ಚೆಂದ.

ಇನ್ನು ನಿಮ್ಮ ಪುಟಗಳಿಗೆ ಬರೋಣ. ಎ4 ಪುಟ, ಎರಡೂ ಕಡೆ 20 ಎಂಎಂ ಅಂಚು ಬಿಟ್ಟರೆ ಒಳಗೆ 170 ಎಂಎಂ ಉಳಿಯುತ್ತದೆ. ಎರಡು ಕಾಲಂ ಮಾಡಿ ನಡುವೆ 6 ಎಂಎಂ ಬಿಟ್ಟರೆ ಒಂದೊಂದು ಕಾಲಂ 82 ಎಂಎಂ. ಒಂದು ಇಂಚಿಗೆ 25.4 ಎಂಎಂ, ಇದೊಂದು ನೆನಪಿದ್ದರೆ ಸಾಕು. 82 ಎಂಎಂ ಅಂದರೆ 3.23 ಇಂಚು, ಅದಕ್ಕೆ ಬೇಕಾಗಿದ್ದು 968 ಪಿಕ್ಸೆಲ್. ನಿಮ್ಮ ಹತ್ತಿರ 1600 ಇದೆ. ಧಾರಾಳವಾಯಿತು. ಎರಡೂ ಕಾಲಂ ಸೇರಿಸಿ 170 ಎಂಎಂ ಅಗಲಕ್ಕೆ ಹಾಕಿದರೂ ಇಂಚಿಗೆ 239 ಸಿಗುತ್ತದೆ. ಅದೂ ಸಾಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಇಡೀ ಪುಟಕ್ಕೆ, ಅಂಚೇ ಇಲ್ಲದೆ ಹಾಕಬೇಕು ಅಂದರೆ ಮಾತ್ರ ಕಷ್ಟ. ಕಟಿಂಗ್‌ಗೆ ಸುತ್ತ 3 ಎಂಎಂ ಹೆಚ್ಚು ಬಿಡಬೇಕಾಗುತ್ತದೆ, ಹಾಗಾಗಿ 216 × 303 ಎಂಎಂ, ಅದಕ್ಕೆ 2551 × 3579 ಪಿಕ್ಸೆಲ್ ಬೇಕು. ನಿಂತ ಫೋಟೊ 1200 × 1600 ಇದ್ದರೆ ಅದು ಆ ಪುಟದಲ್ಲಿ ಇಂಚಿಗೆ 134ಕ್ಕೆ ಇಳಿಯುತ್ತದೆ. ಮೆತ್ತಗೆ ಕಾಣುತ್ತದೆ, ಮುಖಪುಟಕ್ಕಂತೂ ಬೇಡ.

ಸ್ಮರಣ ಸಂಚಿಕೆಗಳಲ್ಲಿ ನಿಜವಾಗಿ ಫೋಟೊ ಕೆಡುವುದು ಇಲ್ಲೆಲ್ಲೂ ಅಲ್ಲ, ಕ್ರಾಪ್ ಮಾಡುವಾಗ. ದಿವಂಗತ ಹೆಡ್ ಮಾಸ್ಟರರ ಒಂಟಿ ಫೋಟೊ ಯಾರ ಹತ್ತಿರವೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯ ಗ್ರೂಪ್ ಫೋಟೊ ಇರುತ್ತದೆ, ಅದರಲ್ಲಿ ಮೂರು ಸಾಲು, ನಲವತ್ತು ಜನ. 1600 ಪಿಕ್ಸೆಲ್ ಅಗಲದ ಆ ಫೋಟೊದಿಂದ ಅವರ ಮುಖ, ಭುಜ ಇಷ್ಟನ್ನೇ ಕತ್ತರಿಸಿದರೆ 150 ಪಿಕ್ಸೆಲ್ ಸಿಕ್ಕರೆ ಹೆಚ್ಚು. ಅದನ್ನು ಪಾಸ್‌ಪೋರ್ಟ್ ಫೋಟೊ ಅಳತೆಗೆ, ಅಂದರೆ 35 × 45 ಎಂಎಂಗೆ ಹಾಕಿದರೂ ಇಂಚಿಗೆ 109 ಮಾತ್ರ. ಆ ಅಳತೆಗೆ ಬೇಕಾದದ್ದು 413 × 531. ಹಾಗಾಗಿ ಲೆಕ್ಕ ಹಾಕುವಾಗ ಫೈಲಿನ ಒಟ್ಟು ಪಿಕ್ಸೆಲ್ ಹಿಡಿಯಬೇಡಿ, ಕ್ರಾಪ್ ಮಾಡಿದ ಮೇಲೆ ಉಳಿದದ್ದನ್ನು ಹಿಡಿಯಿರಿ. ಇಂಥ ಕಡೆ ಒಂದೇ ದಾರಿ, ಕಾಗದದ ಮೂಲ ಫೋಟೊ ಯಾರ ಮನೆ ಗೋಡೆಯ ಮೇಲಿದೆ ಅಂತ ಹುಡುಕಿ ಸ್ಕ್ಯಾನ್ ಮಾಡಿಸುವುದು. ಎಐ ಹಾಕಿ ದೊಡ್ಡದು ಮಾಡುವ ಆಪ್‌ಗಳು ಈಗ ಬೇಕಾದಷ್ಟಿವೆ. ಗಿಡ, ಕಟ್ಟಡಕ್ಕೆ ನಡೆದೀತು. ಮುಖಕ್ಕೆ ಬೇಡ. 150 ಪಿಕ್ಸೆಲ್ ಮುಖಕ್ಕೆ ಅದು ಇಲ್ಲದ ರೆಪ್ಪೆ, ಇಲ್ಲದ ಹಲ್ಲು ಕೂರಿಸಿ ಥಳಥಳ ಮಾಡಿ ಕೊಡುತ್ತದೆ, ಮನೆಯವರು ನೋಡಿ "ಇವರು ನಮ್ಮ ಅಪ್ಪನ ಥರ ಇಲ್ವಲ್ಲ" ಅನ್ನುತ್ತಾರೆ.

ಸ್ಕ್ಯಾನ್ ಮಾಡಿಸುವಾಗಲೂ ಎಲ್ಲರೂ "300ಕ್ಕೆ ಮಾಡಿ" ಅಂದುಬಿಡುತ್ತಾರೆ. ಮೂಲ ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದಾಗಿ ಅಚ್ಚಾಗುವುದಾದರೆ 300 ಸರಿ. ಎರಡಿಂಚು ಅಗಲದ ಹಳೇ ಫೋಟೊವನ್ನು ನಾಲ್ಕಿಂಚಿಗೆ ಹಾಕಬೇಕಿದ್ದರೆ 600ಕ್ಕೆ ಸ್ಕ್ಯಾನ್ ಆಗಬೇಕು. ಗ್ರೂಪ್ ಫೋಟೊದ ಒಂದೊಂದು ಮುಖ ಕತ್ತರಿಸುವುದಿದ್ದರೆ 1200ಕ್ಕೆ ಮಾಡಿಸಿ ಇಟ್ಟುಕೊಳ್ಳಿ, ಫೈಲ್ ದೊಡ್ಡದಾದರೆ ಆಗಲಿ. ಹಳೇ ಪತ್ರಿಕೆಯ ತುಣುಕು ಸ್ಕ್ಯಾನ್ ಮಾಡಿದಾಗ ಚಿತ್ರದ ಮೇಲೆ ಅಲೆ ಅಲೆಯಾಗಿ ಗೆರೆ ಬಂದರೆ ಅದು ಮೊದಲೇ ಅಚ್ಚಾದ ಚುಕ್ಕಿಗಳೂ ಸ್ಕ್ಯಾನರಿನ ಚುಕ್ಕಿಗಳೂ ಒಂದರ ಮೇಲೊಂದು ಬಿದ್ದು ಆದದ್ದು. ಸ್ಕ್ಯಾನರ್ ಸೆಟಿಂಗ್‌ನಲ್ಲಿ ಡಿಸ್ಕ್ರೀನ್ ಅಂತ ಇರುತ್ತದೆ, ಆನ್ ಮಾಡಿಸಿ.

ಸ್ಕ್ಯಾನರ್ ಇಲ್ಲದಿದ್ದರೆ ಫೋನಿನಲ್ಲೇ ತೆಗೆಯಿರಿ, ಪರವಾಗಿಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ 4000 × 3000, ಇಂಚಿಗೆ 300ರಂತೆ 13 × 10 ಇಂಚು ಆಯಿತು. ಗಾಜು ತೆಗೆದು, ಕಿಟಕಿ ಬೆಳಕಿನಲ್ಲಿ, ಫೋನ್ ನೇರವಾಗಿ ಹಿಡಿದು ತೆಗೆದರೆ ಆಯಿತು. ಆಮೇಲೆ ಅದನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಅಂತ ಕಳಿಸಿದರೆ ಮಾತ್ರ ಮತ್ತೆ ಹೀಗೇ ಚಿಕ್ಕದಾಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಆಗ ಫೈಲ್ ಇದ್ದದ್ದು ಇದ್ದಹಾಗೆ ಬರುತ್ತದೆ. ನಿಮ್ಮ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಇದೊಂದು ಸಾಲು ಹಾಕಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ, ಮೂಲ ಫೋಟೊ ಇನ್ನೂ ಅವರ ಫೋನಿನಲ್ಲೇ ಇರುತ್ತದಲ್ಲ.

ಈಗ 239 ಯಾಕೆ ಸಾಕು ಅನ್ನುವ ಮಾತು. ಆಫ್‌ಸೆಟ್ ಮೆಷಿನ್‌ಗೆ ತಿಳಿ ಬೂದು ಅಂತ ಹಾಕಲು ಬರುವುದಿಲ್ಲ. ಇಂಕು ಬೀಳುತ್ತದೆ, ಇಲ್ಲ ಬೀಳುವುದಿಲ್ಲ, ಅಷ್ಟೇ. ಅದಕ್ಕೇ ಚಿತ್ರವನ್ನು ಸಾಲು ಸಾಲು ಚುಕ್ಕಿ ಮಾಡುತ್ತಾರೆ, ಕಪ್ಪಗಿದ್ದಲ್ಲಿ ದೊಡ್ಡ ಚುಕ್ಕಿ, ತೆಳುವಾಗಿದ್ದಲ್ಲಿ ಸಣ್ಣದು. ಇಂಚಿಗೆ ಎಷ್ಟು ಸಾಲು ಅನ್ನುವುದನ್ನು ಸ್ಕ್ರೀನ್ ಅನ್ನುತ್ತಾರೆ. ನ್ಯೂಸ್‌ಪ್ರಿಂಟ್‌ಗೆ 85ರಿಂದ 100, ಮ್ಯಾಪ್‌ಲಿತೊ ಅನ್ನುವ ಮಾಮೂಲಿ ಪುಸ್ತಕದ ಕಾಗದಕ್ಕೆ 133ರ ಆಸುಪಾಸು, ನುಣುಪಾದ ಆರ್ಟ್ ಪೇಪರ್‌ಗೆ 150ರಿಂದ 175. ಪ್ಲೇಟ್ ಮಾಡುವ ಸಿಟಿಪಿ ಮೆಷಿನ್ ಇಂಚಿಗೆ 2400 ಚುಕ್ಕಿ ಇಡುತ್ತದೆ ಅಂದುಕೊಳ್ಳಿ. 150 ಸಾಲಿನ ಸ್ಕ್ರೀನ್ ಆದರೆ ಒಂದೊಂದು ಚುಕ್ಕಿಗೆ 16 × 16ರ ಮನೆ ಸಿಗುತ್ತದೆ, ಆ 256 ಮನೆಗಳಲ್ಲಿ ಎಷ್ಟು ತುಂಬುತ್ತದೋ ಅಷ್ಟು ಕಪ್ಪು. ಪ್ರಿಂಟರ್ ಡಬ್ಬದ ಮೇಲೆ 1200, 2400 ಅಂತ ಬರೆದಿರುವುದು ಈ ಮೆಷಿನ್ ಚುಕ್ಕಿಯ ಲೆಕ್ಕ. ನಿಮ್ಮ ಫೋಟೊಗೆ ಆ ನಂಬರ್ ಬೇಕು ಅಂತ ತಿಳಿದು ತಲೆ ಕೆಡಿಸಿಕೊಳ್ಳುವವರು ಬಹಳ ಜನ.

ಫೋಟೊಗೆ ಬೇಕಾದದ್ದು ಸ್ಕ್ರೀನಿನ ಒಂದೂವರೆಯಿಂದ ಎರಡು ಪಟ್ಟು. 150ರ ಎರಡು ಪಟ್ಟು 300, ಎಲ್ಲರ ಬಾಯಲ್ಲಿರುವ 300 ಹುಟ್ಟಿದ್ದು ಇಲ್ಲಿಂದ. ನಿಮ್ಮ ಒಳಪುಟಗಳು ಬಹುಶಃ 70 ಜಿಎಸ್‌ಎಂ ಮ್ಯಾಪ್‌ಲಿತೊ ಇರಬಹುದು. 133ರ ಒಂದೂವರೆ ಪಟ್ಟು ಅಂದರೆ 200. ಅಲ್ಲಿ 239 ಇರುವ ಫೋಟೊಗೂ 300 ಇರುವ ಫೋಟೊಗೂ ವ್ಯತ್ಯಾಸ ಹುಡುಕಿ ತೋರಿಸಿ ಅಂತ ಪ್ರೆಸ್‌ನವರಿಗೇ ಸವಾಲು ಹಾಕಬಹುದು. ನನ್ನ ಲೆಕ್ಕ ಹೀಗೆ: 220ಕ್ಕಿಂತ ಜಾಸ್ತಿ ಇದ್ದರೆ ಯೋಚನೆಯೇ ಬೇಡ. 150ರಿಂದ 220ರ ನಡುವೆ ಇದ್ದರೆ ಫೋಟೊ ಎಂಥದ್ದು ನೋಡಿ, ಮರ, ಮೋಡ, ಶಾಲೆಯ ಕಟ್ಟಡ ಇದ್ದರೆ ಹಾಕಿ, ಮುಖಗಳಿದ್ದರೆ ಸ್ವಲ್ಪ ಚಿಕ್ಕದು ಮಾಡಿ. 150ಕ್ಕೂ ಕೆಳಗಿದ್ದರೆ ಅಳತೆ ಇಳಿಸಿ, ಇಲ್ಲವೇ ಬೇರೆ ಫೋಟೊ ಹುಡುಕಿ.

ಒಂದು ಕಡೆ ಮಾತ್ರ 300 ಕೂಡ ಸಾಲದು, ಅದು ಅಕ್ಷರ. ಸಂಚಿಕೆಯ ಖರ್ಚು ಹುಟ್ಟುವುದು ಜಾಹೀರಾತಿನಿಂದ, "ಶುಭ ಕೋರುವವರು" ಅಂತ ಇಪ್ಪತ್ತು ಮೂವತ್ತು ಪುಟ ಇದ್ದೇ ಇರುತ್ತದೆ, ಅವರೆಲ್ಲ ಕಳಿಸುವುದು ಜೆಪೆಗ್. ಅದರೊಳಗೆ ಸಣ್ಣ ಅಕ್ಷರದಲ್ಲಿ ವಿಳಾಸ, ಫೋನ್ ನಂಬರ್. ಕನ್ನಡದ ಒತ್ತಕ್ಷರ ಮೊದಲೇ ಚಿಕ್ಕದು. 8 ಪಾಯಿಂಟ್ ಸಾಲಿನಲ್ಲಿ "ಕ್ಷ್ಮಿ", "ಸ್ತ್ರಿ" ಬಂದರೆ ಕೆಳಗಿನ ಒತ್ತು ಒಂದು ಎಂಎಂ ಕೂಡ ಇರುವುದಿಲ್ಲ. ಇಂಚಿಗೆ 300 ಇದ್ದರೂ ಒಂದು ಎಂಎಂಗೆ ಸಿಗುವುದು 12 ಪಿಕ್ಸೆಲ್ ಮಾತ್ರ, 150 ಆದರೆ ಆರೇ ಆರು. ಆರು ಪಿಕ್ಸೆಲ್‌ನಲ್ಲಿ ರ ಒತ್ತಿಗೂ ಯ ಒತ್ತಿಗೂ ವ್ಯತ್ಯಾಸ ಉಳಿಯುವುದಿಲ್ಲ. ಜೆಪೆಗ್ ಬೇರೆ ಅಕ್ಷರದ ಸುತ್ತ ಧೂಳು ಎರಚಿರುತ್ತದೆ. ಹಾಗಾಗಿ ಜಾಹೀರಾತು ಕೊಟ್ಟವರ ಡಿಟಿಪಿಯವರಿಂದ ಪಿಡಿಎಫ್ ಕೇಳಿ, ಇಲ್ಲವೇ ಕೋರೆಲ್‌ಡ್ರಾ ಫೈಲನ್ನು ಅಕ್ಷರ ಕರ್ವ್ಸ್ ಮಾಡಿ ಕಳಿಸಲು ಹೇಳಿ. ಕರ್ವ್ಸ್ ಆದ ಅಕ್ಷರಕ್ಕೂ ಲೋಗೊಗೂ ಪಿಕ್ಸೆಲ್ಲೇ ಇರುವುದಿಲ್ಲ, ಗೆರೆಗಳ ಲೆಕ್ಕ ಇರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ, ಫಾಂಟ್ ಇಲ್ಲ ಅನ್ನುವ ಗೋಳೂ ತಪ್ಪುತ್ತದೆ. ಬರೀ ಜೆಪೆಗ್ ಇದ್ದರೆ ಸುಮ್ನೆ ಕೂತು ಹೊಸದಾಗಿ ಟೈಪ್ ಮಾಡಿಬಿಡಿ, ಕಾಲು ಪುಟದ ಜಾಹೀರಾತಿಗೆ ಹತ್ತು ನಿಮಿಷದ ಕೆಲಸ. ಶಾಲೆಯ ಹಳೇ ಮೊಹರು, ಸ್ಥಾಪಕರ ಸಹಿ ಇಂಥವನ್ನು ಕಪ್ಪು ಬಿಳುಪಿನಲ್ಲಿ 600ಕ್ಕೋ 1200ಕ್ಕೋ ಸ್ಕ್ಯಾನ್ ಮಾಡಿಸಿ.

ವರ್ಡ್‌ನ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು, ಅಲ್ಲೂ ಎಷ್ಟೋ ಫೋಟೊ ಕೆಡುತ್ತವೆ. ಫೈಲ್ ಸೇವ್ ಮಾಡುವಾಗ ವರ್ಡ್ ಕೇಳದೇ ಫೋಟೊಗಳನ್ನು ಇಂಚಿಗೆ 220ಕ್ಕೆ ಇಳಿಸಿಬಿಡುವ ಸಾಧ್ಯತೆ ಇದೆ. 220 ಸಾಕು ಅಂತ ಈಗಷ್ಟೇ ಹೇಳಿದೆ, ಹಾಗಾದರೆ ತೊಂದರೆ ಏನು? ನೀವು ಮೊದಲು ಫೋಟೊವನ್ನು ಎರಡಿಂಚಿಗೆ ಇಟ್ಟು ಸೇವ್ ಮಾಡುತ್ತೀರಿ, ಅದು 440 ಪಿಕ್ಸೆಲ್ ಆಗಿಹೋಗುತ್ತದೆ. ವಾರ ಬಿಟ್ಟು ಸಮಿತಿಯವರು "ಇದು ದೊಡ್ಡದು ಬರಲಿ" ಅನ್ನುತ್ತಾರೆ, ನೀವು ಆರಿಂಚಿಗೆ ಎಳೆಯುತ್ತೀರಿ, ಇಂಚಿಗೆ 73 ಉಳಿಯಿತು. ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಒಳಗೆ ಹೋದರೆ ಇಮೇಜ್ ಸೈಜ್ ಅಂಡ್ ಕ್ವಾಲಿಟಿ ಅಂತ ಇದೆ. ಅಲ್ಲಿ "ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್" ಅನ್ನುವುದಕ್ಕೆ ಟಿಕ್ ಹಾಕಿ, ಆಮೇಲೆ ಮೂಲ ಫೋಟೊಗಳನ್ನು ಇನ್ನೊಮ್ಮೆ ಸೇರಿಸಿ. ಮೊದಲೇ ಇಳಿದದ್ದು ಟಿಕ್ ಹಾಕಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಪಿಡಿಎಫ್ ಮಾಡುವಾಗ "ಮಿನಿಮಮ್ ಸೈಜ್" ಆರಿಸಬೇಡಿ, "ಸ್ಟ್ಯಾಂಡರ್ಡ್" ಇರಲಿ. ಲಿಬ್ರೆಆಫೀಸ್ ಬಳಸುವುದಾದರೆ ಪಿಡಿಎಫ್ ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಇಮೇಜ್ ರೆಸಲ್ಯೂಷನ್ 300 ಅಂತಲೂ ಜೆಪೆಗ್ ಕ್ವಾಲಿಟಿ 90 ಅಂತಲೂ ತಾನಾಗಿಯೇ ಇರುತ್ತದೆ, ಮುಟ್ಟುವುದೇ ಬೇಡ.

ಪ್ರೆಸ್‌ನವರು ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವುದಾದರೆ ನಿಮ್ಮ ಕೆಲಸ ಇನ್ನೂ ಸುಲಭ. ಅದರ ಲಿಂಕ್ಸ್ ಪಟ್ಟಿಯಲ್ಲಿ ಒಂದು ಫೋಟೊ ಒತ್ತಿದರೆ ಎರಡು ನಂಬರ್ ತೋರಿಸುತ್ತದೆ. ಪಿಪಿಐ ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಅಂತ. ಆಕ್ಚುವಲ್ ಪಿಪಿಐ ಅನ್ನುವುದು ಆ ಚೀಟಿಯ ನಂಬರ್, 72 ಅಂತ ಇದ್ದರೆ ಇರಲಿ. ಎಫೆಕ್ಟಿವ್ ಪಿಪಿಐ ಅನ್ನುವುದು ಪುಟದಲ್ಲಿ ಕೂತ ಅಳತೆಗೆ ಬಂದ ನಂಬರ್. ನೋಡಬೇಕಾದದ್ದು ಅದೊಂದನ್ನೇ. ಚೀಟಿಯಲ್ಲಿ 72 ಇರುವ ಫೋಟೊ ಪುಟದಲ್ಲಿ 495 ಇರಬಹುದು, 300 ಅಂತ ಬರೆದದ್ದು 90 ಇರಬಹುದು. ಅಲ್ಲಿಂದ ಪಿಡಿಎಫ್ ತೆಗೆಯುವಾಗ "ಹೈ ಕ್ವಾಲಿಟಿ ಪ್ರಿಂಟ್" ಅಥವಾ "ಪ್ರೆಸ್ ಕ್ವಾಲಿಟಿ" ಆರಿಸಿದರೆ 450ಕ್ಕೂ ಮೇಲಿರುವ ಫೋಟೊಗಳನ್ನು ಮಾತ್ರ 300ಕ್ಕೆ ಇಳಿಸುತ್ತದೆ, ಕಡಿಮೆ ಇರುವುದನ್ನು ಹಾಗೇ ಬಿಡುತ್ತದೆ, ಏರಿಸಲು ಹೋಗುವುದಿಲ್ಲ. "ಸ್ಮಾಲೆಸ್ಟ್ ಫೈಲ್ ಸೈಜ್" ಆರಿಸಿದರೆ 100ಕ್ಕೆ ಇಳಿಸಿಬಿಡುತ್ತದೆ, ಅದು ಪ್ರೂಫ್ ಓದಲು ಮಾತ್ರ. ಆ ಪ್ರೂಫ್ ಫೈಲೇ ತಪ್ಪಿ ಪ್ಲೇಟಿಗೆ ಹೋಗದಂತೆ ಫೈಲಿನ ಹೆಸರಿನಲ್ಲೇ "ಪ್ರೂಫ್" ಅಂತ ಬರೆದಿಡಿ. ನಮ್ಮ ಕಡೆ ಇನ್ನೂ ಪೇಜ್‌ಮೇಕರ್ 7ರಲ್ಲೇ ನಡೆಸುವ ಪ್ರೆಸ್ಸುಗಳಿವೆ. 2001ರ ಸಾಫ್ಟ್‌ವೇರ್, ಈಗ ಫೋನಿನಲ್ಲೂ ವರ್ಡ್‌ನಲ್ಲೂ ಬಳಸುವ ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ, ನುಡಿ ಫಾಂಟಿನ ಹಳೇ ಆಸ್ಕಿ ಪದ್ಧತಿಗೆ ಬದಲಿಸಿ ಕೊಡಬೇಕಾಗುತ್ತದೆ. ಫೋಟೊ ಲೆಕ್ಕ ಮಾತ್ರ ಅದರಲ್ಲೂ ಇದೇ.

ಪಿಡಿಎಫ್ ಕೈಗೆ ಬಂದ ಮೇಲೆ ಎರಡು ವಿಷಯ ನೋಡಿ. ಒಂದು, ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ 210 × 297 ಎಂಎಂ ಇದೆಯಾ, ಅಥವಾ ಕಟಿಂಗ್ ಬಿಟ್ಟಿದ್ದರೆ 216 × 303 ಇದೆಯಾ ಅಂತ. 595 × 842 ಅಂತ ತೋರಿಸಿದರೆ ಅದು ಪಾಯಿಂಟ್‌ನಲ್ಲಿ ಎ4, ಹೆದರಬೇಡಿ. ಇನ್ನೊಂದು, ಯಾವುದಾದರೂ ಪುಟದ ಮೂಲೆಯಲ್ಲಿ ಸರಿಯಾಗಿ 100 ಎಂಎಂ ಉದ್ದದ ಗೆರೆ ಎಳೆದು ಮನೆಯ ಪ್ರಿಂಟರಿನಲ್ಲಿ "ಆಕ್ಚುವಲ್ ಸೈಜ್" ಇಟ್ಟು ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. 96, 97 ಎಂಎಂ ಬಂದರೆ ಎಲ್ಲೋ "ಫಿಟ್" ಅನ್ನುವುದು ಆನ್ ಇದೆ, ಪುಟವನ್ನು ಕುಗ್ಗಿಸುತ್ತಿದೆ ಅಂತ ಅರ್ಥ. ಫೋಟೊ ಹೇಗೆ ಬಂದೀತು ಅಂತಲೂ ಆ ಕಾಗದದಲ್ಲೇ ನೋಡಿ. ಪರದೆಯ ಮೇಲೆ 400 ಪರ್ಸೆಂಟ್ ಹಿಗ್ಗಿಸಿ ನೋಡಿ ಮಸುಕು ಅನ್ನುವುದು ನ್ಯಾಯ ಅಲ್ಲ, ಓದುಗರು ಭೂತಗನ್ನಡಿ ಹಿಡಿದು ಓದುವುದಿಲ್ಲ.

ಬ್ಯಾನರ್ ವಿಷಯಕ್ಕೆ ಬಂದರೆ 300ರ ಮಾತು ಪೂರ್ತಿ ಮರೆತುಬಿಡಿ. ಕಣ್ಣು ಎಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು ಅನ್ನುವುದು ದೂರದ ಮೇಲೆ ಹೋಗುತ್ತದೆ. ಒಂದಡಿ ದೂರದಲ್ಲಿ ಹಿಡಿದ ಪುಸ್ತಕಕ್ಕೆ ಇಂಚಿಗೆ ಸುಮಾರು 286, ಹತ್ತಡಿ ದೂರದ ಬ್ಯಾನರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 29. ಹಾಗಾಗಿ ಪೂರ್ತಿ ಅಳತೆಯಲ್ಲಿ ಇಂಚಿಗೆ 72 ಇದ್ದರೆ ಬ್ಯಾನರಿಗೆ ಬೇಕಾದಷ್ಟಾಯಿತು, 40 ಇದ್ದರೂ ವೇದಿಕೆ ಹಿಂದೆ ಕಟ್ಟುವುದಕ್ಕೆ ತೊಂದರೆ ಇಲ್ಲ. 8 × 4 ಅಡಿಯ ಬ್ಯಾನರನ್ನೂ 300ಕ್ಕೆ ಮಾಡಲು ಹೊರಟರೆ 28800 × 14400 ಪಿಕ್ಸೆಲ್ ಆಗಿ, ನಾಲ್ಕು ಬಣ್ಣಕ್ಕೆ ಒಂದೂವರೆ ಜಿಬಿ ದಾಟಿ, ಕಂಪ್ಯೂಟರ್ ಉಸಿರು ಬಿಡುತ್ತದೆ ಅಷ್ಟೇ. ಆದರೆ ನಿಮ್ಮ 1600 ಪಿಕ್ಸೆಲ್ ಫೋಟೊವನ್ನು 20 ಅಡಿಗೆ, ಅಂದರೆ 240 ಇಂಚಿಗೆ ಎಳೆದರೆ ಇಂಚಿಗೆ ಏಳು ಕೂಡ ಬರುವುದಿಲ್ಲ. ಬ್ಯಾನರಿನ ಒಂದು ಬದಿಗೆ ನಾಲ್ಕಡಿ ಅಗಲಕ್ಕೆ ಹಾಕಿ, ಆಗ 33 ಸಿಗುತ್ತದೆ, ಉಳಿದ ಜಾಗಕ್ಕೆ ಬಣ್ಣ ಮತ್ತು ಅಕ್ಷರ ಇರಲಿ. ಅಕ್ಷರವಂತೂ ಕರ್ವ್ಸ್‌ನಲ್ಲೇ ಇರಬೇಕು.

20 ಅಡಿಯ ಪುಟ ಮಾಡುವಾಗ ಇನ್ನೊಂದು ತೊಡಕು. ಅಕ್ರೋಬ್ಯಾಟ್‌ನಲ್ಲಿ ಮಾಮೂಲಿ ಲೆಕ್ಕದ ಪಿಡಿಎಫ್ ಪುಟ 200 ಇಂಚು ದಾಟುವುದಿಲ್ಲ, ನಿಮಗೆ ಬೇಕಾಗಿರುವುದು 240. ಹಾಗಾಗಿ ಹತ್ತನೇ ಒಂದು ಅಳತೆಗೆ, 24 ಇಂಚು ಅಗಲದ ಪುಟ ಮಾಡಿ, ಬ್ಯಾನರ್ ಅಂಗಡಿಯವರಿಗೆ "ಹತ್ತು ಪಟ್ಟು ಹಿಗ್ಗಿಸಿ" ಅಂತ ಫೈಲಿನ ಹೆಸರಿನಲ್ಲೇ ಬರೆದು ಕೊಡಿ. ಆಗ ಆ ಪುಟದಲ್ಲಿ ನಿಮ್ಮ ಫೋಟೊ ಇಂಚಿಗೆ 333 ಅಂತ ತೋರಿಸುತ್ತದೆ, ಬ್ಯಾನರಿನಲ್ಲಿ ಅದು 33. ಅಂಗಡಿಯ ಹುಡುಗ 333 ನೋಡಿ "ಇಷ್ಟು ಯಾಕೆ ಸಾರ್" ಅಂತ 72ಕ್ಕೆ ಇಳಿಸಿಬಿಟ್ಟರೆ ಬ್ಯಾನರಿನಲ್ಲಿ ಇಂಚಿಗೆ ಏಳು ಉಳಿಯುತ್ತದೆ, ಅದಕ್ಕೇ ಬಾಯಲ್ಲೂ ಒಂದು ಸಲ ಹೇಳಿ. ಮತ್ತೆ ಫ್ಲೆಕ್ಸ್ ಬೇಡ, ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಅದೂ ಸೇರಿದೆ. ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ, ನೇಯ್ಗೆಯ ಮೇಲೆ ಸಣ್ಣ ವಿವರ ಹೇಗೂ ನಿಲ್ಲುವುದಿಲ್ಲ, 33ಕ್ಕೆ ಅದು ಅನುಕೂಲವೇ.

ಪ್ರೆಸ್‌ಗೆ ಹೋದಾಗ ಕೇಳಬೇಕಾದದ್ದು ಇಷ್ಟು: ಒಳಪುಟಕ್ಕೆ ಯಾವ ಕಾಗದ, ಎಷ್ಟರ ಸ್ಕ್ರೀನ್, ಕಟಿಂಗ್‌ಗೆ ಎಷ್ಟು ಎಂಎಂ ಬಿಡಬೇಕು. ವರ್ಡ್‌ನ ಪಿಡಿಎಫ್‌ನಲ್ಲಿ ಕಪ್ಪು ಅಕ್ಷರ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ ಇರುತ್ತದೆ, ಅದನ್ನು ನಾಲ್ಕು ಬಣ್ಣ ಮಾಡದೆ ಬರೀ ಕಪ್ಪು ಪ್ಲೇಟಿಗೇ ಕಳಿಸಿ ಅಂತ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಬಣ್ಣದ ಪುಟಗಳಲ್ಲಿ ಅಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು ಕಾಣುತ್ತದೆ. "72 ಇದೆ" ಅಂತ ಮತ್ತೆ ಅಂದರೆ ವಾದ ಮಾಡಬೇಡಿ, "ಪುಟದಲ್ಲಿ ಕೂತ ಅಳತೆಗೆ ಎಫೆಕ್ಟಿವ್ ಎಷ್ಟು ಬರುತ್ತದೆ ನೋಡಿ ಹೇಳಿ" ಅನ್ನಿ. ನೋಡಿ ಹೇಳುತ್ತಾರೆ. 150ಕ್ಕಿಂತ ಕಡಿಮೆ ಬಂದ ಫೋಟೊಗಳ ಪಟ್ಟಿ ಅವರಿಂದಲೇ ಬರೆಸಿಕೊಂಡು ಬನ್ನಿ, ಆ ಫೋಟೊ ಕಳಿಸಿದವರಿಗೆ ಮಾತ್ರ ಫೋನ್ ಮಾಡಿ ಮೂಲ ಕೇಳಿದರೆ ಸಾಕು.